ಶಾಲೆಯ ಅಥ್ಲೆಟಿಕ್ಸ್ ಯಾರಿಗಾಗಿ?

ಜುಲೈ-ಆಗಸ್ಟ್ ಬಂತು ಅಂದ್ರೆ ನಮ್ಮ ಹುಬ್ಬಳ್ಳಿ-ಧಾರವಾಡದ ಶಾಲೆಗಳಲ್ಲಿ ಸ್ಪೋರ್ಟ್ಸ್ ಸೀಸನ್ ಸುರು. ಹೊರಗೆ ಜಿಟಿಜಿಟಿ ಮಳೆ. ಹುಬ್ಬಳ್ಳಿ ಕಡೆ ಎರೆ ಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲೂ ಎರಡು ಕೆ.ಜಿ. ಆಗಿರುತ್ತೆ. ಅಂಥದ್ರಲ್ಲೇ ಪಿ.ಟಿ. ಮಾಸ್ತರು ಸೀಟಿ ಹಿಡಿದು, ಸುಣ್ಣದ ಪುಡಿ ಹಾಕಿ, ಗೆರೆ ಎಳೆದು ಮಕ್ಕಳನ್ನ ಓಡಿಸ್ತಾರೆ. ಒಂದೆರಡು ವಾರದಲ್ಲಿ ವಲಯ ಮಟ್ಟ ಮುಗಿಯುತ್ತೆ, ಗೆದ್ದವರ ಫೋಟೋ ನೋಟಿಸ್ ಬೋರ್ಡಿಗೆ ಬರುತ್ತೆ, ಉಳಿದವರು ಕ್ಲಾಸಿಗೆ ವಾಪಸ್.

ಈ ಲೇಖನ ಆ 'ಉಳಿದವರ' ಬಗ್ಗೆ. ಶಾಲೆಯಲ್ಲಿ ಅಥ್ಲೆಟಿಕ್ಸ್ ಯಾಕೆ ಇರಬೇಕು ಅಂತ ಕೇಳಿದರೆ ಎಲ್ಲರೂ ಶಿಸ್ತು, ಆರೋಗ್ಯ, ನಾಯಕತ್ವ ಅಂತ ಮೂರು ಶಬ್ದ ಹೇಳಿ ಸುಮ್ಮನಾಗ್ತಾರೆ. ಆ ಶಬ್ದಗಳು ತಪ್ಪಲ್ಲ. ಆದರೆ ಅವು ಮಗುವಿಗೆ ಹೇಗೆ ಸಿಗ್ತವೆ, ಯಾವಾಗ ಸಿಗೋದಿಲ್ಲ ಅನ್ನೋದನ್ನ ಬಿಡಿಸಿ ನೋಡೋಣ. ನಾವು ಎಂಜಿನಿಯರಿಂಗ್ ಓದೋರು, ಒಂದು ಸಿಸ್ಟಮ್ ಕೊಟ್ಟರೆ ಅದರ ಒಳಗೇನು ನಡೀತದೆ ಅಂತ ಕೇಳೋದು ನಮ್ಮ ಚಾಳಿ. ಜೊತೆಗೆ ಧಾರವಾಡದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಕಾಡಂಚಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಕಥೆಯೂ ಇದೆ. ನಮ್ಮಲ್ಲಿ ಬಹಳ ಜನ ಅದನ್ನ ಕೇಳಿರೋದಿಲ್ಲ.

1. ಏಣಿಯ ಲೆಕ್ಕ

ಮೊದಲು ವ್ಯವಸ್ಥೆ ನೋಡೋಣ. ಶಾಲೆಯಲ್ಲಿ ಗೆದ್ದ ಮಗು ವಲಯ ಮಟ್ಟಕ್ಕೆ ಹೋಗುತ್ತೆ. ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ (ನಮ್ಮ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು), ಆಮೇಲೆ ರಾಜ್ಯ, ಕೊನೆಗೆ ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟ. 14 ವರ್ಷದ ಒಳಗಿನವರು, 17ರ ಒಳಗಿನವರು, ಪಿಯುಸಿಗೆ 19ರ ಒಳಗಿನವರು ಅಂತ ವಯಸ್ಸಿನ ಗುಂಪುಗಳು. ಕಾಗದದ ಮೇಲೆ ಇದು ಚಂದದ ಏಣಿ. ಕಲಘಟಗಿಯ ಒಂದು ಸರ್ಕಾರಿ ಶಾಲೆಯ ಹುಡುಗಿ ಕೂಡ, ಓಡಿ ಓಡಿ ದಿಲ್ಲಿಯ ತನಕ ಹತ್ತಬಹುದು.

ಈಗ ಒಂದು ಸಣ್ಣ ಲೆಕ್ಕ ಹಾಕಿ. ಒಂದು ವಲಯದಲ್ಲಿ 12 ಶಾಲೆ, ಪ್ರತಿ ಶಾಲೆಯಿಂದ 100 ಮೀಟರ್ ಓಟಕ್ಕೆ 4 ಹುಡುಗರು ಅಂತ ಇಟ್ಟುಕೊಳ್ಳಿ. ಒಟ್ಟು 48 ಜನ. ಮುಂದಿನ ಮಟ್ಟಕ್ಕೆ ಇಬ್ಬರು ಹೋಗ್ತಾರೆ ಅಂದರೆ 46 ಹುಡುಗರು ಅಲ್ಲಿಗೇ ನಿಂತರು. ಅದರಲ್ಲಿ ಹೆಚ್ಚಿನವರು ಮೊದಲ ಹೀಟ್ಸ್‌ನಲ್ಲೇ ಹೊರಬಿದ್ದಿರ್ತಾರೆ. 13 ವರ್ಷದ ಹುಡುಗ ಮಣ್ಣಿನ ಟ್ರ್ಯಾಕಿನಲ್ಲಿ 100 ಮೀಟರ್ ಓಡೋಕೆ ಸುಮಾರು 15 ಸೆಕೆಂಡ್ ಬೇಕು. ಅಂದರೆ ಆ ಹುಡುಗನ ಇಡೀ ವರ್ಷದ ಅಥ್ಲೆಟಿಕ್ಸ್ 15 ಸೆಕೆಂಡಿನಲ್ಲಿ ಮುಗೀತು. ಮುಂದಿನ ವರ್ಷ ಮತ್ತೆ 15 ಸೆಕೆಂಡ್.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ವಾರಕ್ಕೆ 420 ನಿಮಿಷ. ಶಾಲೆಯಲ್ಲಿ ವಾರಕ್ಕೆ 40 ನಿಮಿಷದ ಎರಡು ಆಟದ ಪೀರಿಯಡ್ ಇವೆ ಅಂದುಕೊಂಡರೂ 80 ನಿಮಿಷ, ಅಂದರೆ ಐದರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲೂ ಸಾಲಿನಲ್ಲಿ ನಿಂತು ಸರದಿಗೆ ಕಾಯೋ ಟೈಮ್ ಕಳೆದರೆ ಎಷ್ಟು ಉಳಿಯುತ್ತೆ ನೀವೇ ಹೇಳಿ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಬಂದ ಮೇಲೆ ಆ ಎರಡು ಪೀರಿಯಡ್ಡೂ ಗಣಿತಕ್ಕೆ ಹೋದವು. ಟೈಮ್‌ಟೇಬಲ್‌ನಲ್ಲಿ ಮಾತ್ರ ಪಿ.ಇ. ಅಂತಲೇ ಇತ್ತು. ನಿಮ್ಮಲ್ಲೂ ಬಹಳ ಜನರದ್ದು ಇದೇ ಕಥೆ ಇರಬಹುದು.

ಕಾನೂನು ಏನೂ ಹೇಳಿಲ್ಲ ಅಂತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಅಂತ ಇದೆ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕು ಅಂತಲೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆಟವನ್ನ ಪಠ್ಯದ ಹೊರಗಿನ ಚಟುವಟಿಕೆ ಅಂತ ಬೇರೆ ಇಡಬೇಡಿ ಅಂತ ಹೇಳುತ್ತೆ. ನಿಯಮ ಇದೆ. ಬೇಕಾಗಿರೋದು ಆ ಪೀರಿಯಡ್ಡಿನಲ್ಲಿ ಏನು ಕಲಿಸಬಹುದು ಅನ್ನೋ ಕಲ್ಪನೆ.

2. ಮೈದಾನದಲ್ಲಿರೋ ಗಣಿತ

ಒಂದು ಉದಾಹರಣೆ ತಗೊಳ್ಳಿ. ಶಾಲೆಯ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್ ಹಾಕಬೇಕು. ಎರಡು ನೇರ ಭಾಗ ತಲಾ 40 ಮೀಟರ್ ಅಂದರೆ 80 ಮೀಟರ್ ಆಯ್ತು. ಉಳಿದ 120 ಮೀಟರ್ ಎರಡು ಅರ್ಧವೃತ್ತ ಸೇರಿ ಬರಬೇಕು. 120ನ್ನ 2π ಇಂದ ಭಾಗಿಸಿದರೆ ತ್ರಿಜ್ಯ ಸುಮಾರು 19.10 ಮೀಟರ್. ಆದರೆ ಸುಣ್ಣದ ಗೆರೆಯ ಮೇಲೆ ಯಾರೂ ಓಡಲ್ಲ, ಗೆರೆಯಿಂದ 20 ಸೆಂ.ಮೀ. ಆಚೆ ಓಡ್ತಾರೆ ಅಂತ ಹಿಡಿದು ಅಳೆಯೋದು ಪದ್ಧತಿ. ಹಾಗಾಗಿ ಗೂಟಕ್ಕೆ ಕಟ್ಟೋ ಹಗ್ಗದ ಉದ್ದ 18.90 ಮೀಟರ್. ಆರು ಲೇನ್ ಹಾಕಿದರೆ ಈ ಟ್ರ್ಯಾಕಿಗೆ ಹತ್ತಿರ ಹತ್ತಿರ 93 ಮೀಟರ್ ಉದ್ದ, 53 ಮೀಟರ್ ಅಗಲದ ಜಾಗ ಬೇಕು. ನಮ್ಮ ಕಡೆ ಲೆಕ್ಕದಲ್ಲಿ ಸುಮಾರು 49 ಗುಂಟೆ. ನಿಮ್ಮ ಶಾಲೆಯ ಮೈದಾನ ಎಷ್ಟಿತ್ತು ಅಂತ ಈಗ ನೆನಪಿಸಿಕೊಳ್ಳಿ.

ಮುಂದಿನ ಪ್ರಶ್ನೆ: ಹೊರಗಿನ ಲೇನಿನವರು ಯಾಕೆ ಮುಂದೆ ನಿಂತು ಓಟ ಸುರು ಮಾಡ್ತಾರೆ? ಒಂದು ಲೇನಿನ ಅಗಲ 1.22 ಮೀಟರ್. ಒಂದು ಲೇನ್ ಹೊರಗೆ ಹೋದರೆ ತ್ರಿಜ್ಯ 1.22 ಜಾಸ್ತಿ, ಒಂದು ಪೂರ್ತಿ ಸುತ್ತಿಗೆ ದೂರ 2π × 1.22, ಅಂದರೆ 7.67 ಮೀಟರ್ ಜಾಸ್ತಿ. ಅಷ್ಟು ಮುಂದೆ ನಿಲ್ಲಿಸಬೇಕು. ಇಲ್ಲಿ ಮಜಾ ಏನಪ್ಪಾ ಅಂದ್ರೆ, ಟ್ರ್ಯಾಕ್ ದೊಡ್ಡದಿರಲಿ ಸಣ್ಣದಿರಲಿ, ಒಂದು ಪೂರ್ತಿ ಸುತ್ತಿಗೆ ಈ ಅಂತರ ಬದಲಾಗಲ್ಲ. ಮೂಲ ತ್ರಿಜ್ಯ ಲೆಕ್ಕದಿಂದ ಹೊಡೆದುಹೋಗುತ್ತೆ. ಪರಿಧಿಯ ಸೂತ್ರವನ್ನ ಬೋರ್ಡಿನ ಮೇಲೆ ಬಾಯಿಪಾಠ ಮಾಡಿದ ಎಂಟನೇ ಕ್ಲಾಸಿನ ಹುಡುಗಿ ಹಗ್ಗ ಹಿಡಿದು ಇದನ್ನ ಒಂದು ಸಲ ಮಾಡಿದರೆ ಸಾಕು, ಮತ್ತೆ ಮರೆಯಲ್ಲ.

ಟೈಮ್ ತೆಗೆಯೋದು ಇನ್ನೂ ದೊಡ್ಡ ಪಾಠ. ಮಾಸ್ತರು ಸ್ಟಾರ್ಟ್ ಗೆರೆಯಲ್ಲಿ ಸೀಟಿ ಹೊಡೀತಾರೆ, ಸ್ಟಾಪ್‌ವಾಚ್ ಹಿಡಿದವರು 100 ಮೀಟರ್ ಆಚೆ ಇರ್ತಾರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೀಟಿ ಕೇಳಿಸೋಕೇ 0.29 ಸೆಕೆಂಡ್ ಬೇಕು. ಕೇಳಿ ವಾಚ್ ಒತ್ತಿದರೆ ಹುಡುಗ ಇರೋದಕ್ಕಿಂತ ಜೋರು ಅಂತ ತೋರಿಸುತ್ತೆ. ಅದಕ್ಕೇ ಬಾವುಟ ಇಳಿಸೋದನ್ನ ಅಥವಾ ಗನ್ನಿನ ಹೊಗೆಯನ್ನ ಕಣ್ಣಿನಿಂದ ನೋಡಿ ಒತ್ತಬೇಕು ಅನ್ನೋ ನಿಯಮ. ಹಾಗೆ ನೋಡಿ ಒತ್ತಿದರೂ ಕೈಯಿಂದ ತೆಗೆದ ಟೈಮನ್ನ ಎಲೆಕ್ಟ್ರಾನಿಕ್ ಟೈಮಿಗೆ ಹೋಲಿಸುವಾಗ 100 ಮೀಟರಿಗೆ 0.24 ಸೆಕೆಂಡ್ ಕೂಡಿಸೋ ರೂಢಿ ಇದೆ. ಸೆಕೆಂಡಿಗೆ 7 ಮೀಟರ್ ಓಡೋ ಹುಡುಗನಿಗೆ ಅದು ಸುಮಾರು 1.7 ಮೀಟರ್ ದೂರ. ಎರಡು ಹೀಟ್ಸ್‌ನ ಟೈಮ್ ಹೋಲಿಸಿ ಫೈನಲ್‌ಗೆ ಆರಿಸುವಾಗ ಒಂದು ಹೀಟ್ಸ್‌ನಲ್ಲಿ ಕೇಳಿ ಒತ್ತಿದವರು, ಇನ್ನೊಂದರಲ್ಲಿ ನೋಡಿ ಒತ್ತಿದವರು ಇದ್ದರೆ ಯಾರಿಗೋ ಅನ್ಯಾಯ ಆಗೋದು ಗ್ಯಾರಂಟಿ. ಅಳತೆಯಲ್ಲಿ ತಪ್ಪಾದರೆ ಅದರ ಬಿಲ್ಲು ಒಬ್ಬ ಮನುಷ್ಯನ ಮೇಲೆ ಬೀಳುತ್ತೆ. ಈ ಮಾತು ನಮಗೆ ಫಸ್ಟ್ ಇಯರ್ ಲ್ಯಾಬಿನಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ.

ಗಮನಿಸಿ, ಈ ಎರಡೂ ಪಾಠ ಕಲಿಯೋಕೆ ಮಗು ಜೋರಾಗಿ ಓಡಬೇಕು ಅಂತಿಲ್ಲ. ಹಗ್ಗ ಹಿಡಿಯೋನು, ವಾಚ್ ಒತ್ತೋಳು, ಹೀಟ್ಸ್ ಪಟ್ಟಿ ಬರೆಯೋನು, ಉದ್ದ ಜಿಗಿತದ ಟೇಪ್ ಓದೋಳು, ಎಲ್ಲರೂ ಅಥ್ಲೆಟಿಕ್ಸ್‌ನ ಒಳಗೇ ಇದ್ದಾರೆ. ಓಡದ ಮಗುವಿಗೂ ಅಲ್ಲಿ ಕೆಲಸ ಇದೆ, ಜವಾಬ್ದಾರಿ ಇದೆ.

3. ಬೆಳವಣಿಗೆಗೆ ಒಂದೇ ಕ್ಯಾಲೆಂಡರ್ ಇಲ್ಲ

ಈಗ ದೇಹದ ವಿಷಯ. ಮಕ್ಕಳು ಒಂದು ಹಂತದಲ್ಲಿ ದಿಢೀರಂತ ಎತ್ತರ ಆಗ್ತಾರೆ. ಆ ಬೆಳವಣಿಗೆಯ ವೇಗ ಅತಿ ಹೆಚ್ಚು ಇರೋದು ಹುಡುಗಿಯರಲ್ಲಿ ಸರಾಸರಿ 12ನೇ ವರ್ಷದ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ. ಆದರೆ ಇದು ಬರೀ ಸರಾಸರಿ. ಒಬ್ಬನಿಗೆ 12ಕ್ಕೇ ಬರಬಹುದು, ಇನ್ನೊಬ್ಬನಿಗೆ 16ಕ್ಕೆ. 14ರ ಒಳಗಿನ ಗುಂಪಿನಲ್ಲಿ ಮೀಸೆ ಚಿಗುರಿದ ಹುಡುಗ ಒಂದು ಲೇನಿನಲ್ಲಿ, ಇನ್ನೂ ದನಿ ಒಡೆಯದ ಹುಡುಗ ಪಕ್ಕದ ಲೇನಿನಲ್ಲಿ. ಯಾರು ಗೆಲ್ತಾರೆ ಅಂತ ಸೀಟಿ ಹೊಡೆಯೋ ಮೊದಲೇ ಹೇಳಬಹುದು. ಗೆದ್ದವನಿಗೆ ಪ್ರತಿಭೆ ಇದೆ ಅಂತ ಬರೆದುಕೊಳ್ತೇವೆ. ಆ ದಿನ ನಾವು ಅಳೆದದ್ದು ಪ್ರತಿಭೆಯೋ, ಬೇಗ ಬಂದ ಬೆಳವಣಿಗೆಯೋ?

ಹುಟ್ಟಿದ ತಿಂಗಳೂ ಇದೇ ಆಟ ಆಡುತ್ತೆ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಲೆಕ್ಕಕ್ಕಿಂತ ಜಾಸ್ತಿ ಇದ್ದಾರೆ ಅಂತ 1980ರ ದಶಕದಲ್ಲೇ ಸಂಶೋಧಕರು ತೋರಿಸಿದರು. ಕಾರಣ ಸರಳ. ಜನವರಿ 1ಕ್ಕೆ ವಯಸ್ಸಿನ ಗೆರೆ ಎಳೆದರೆ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರಿನ ಮಗುವಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡದು, ಆದರೆ ಆಡೋದು ಒಂದೇ ಗುಂಪಿನಲ್ಲಿ. ದೊಡ್ಡ ಮಗು ಆಯ್ಕೆ ಆಗುತ್ತೆ. ಆಯ್ಕೆ ಆದದ್ದಕ್ಕೆ ಒಳ್ಳೆ ತರಬೇತಿ ಸಿಗುತ್ತೆ. ತರಬೇತಿ ಸಿಕ್ಕಿದ್ದಕ್ಕೆ ನಿಜವಾಗಲೂ ಚೆನ್ನಾಗಿ ಆಡುತ್ತೆ. ಆಮೇಲೆ "ನೋಡ್ರಿ, ನಮ್ಮ ಆಯ್ಕೆ ಸರಿ ಇತ್ತು" ಅಂತೇವೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್. ಸಣ್ಣ ವ್ಯತ್ಯಾಸವನ್ನ ತಾನೇ ದೊಡ್ಡದು ಮಾಡ್ತಾ ಹೋಗುತ್ತೆ.

ಹಾಗಾಗಿ 13ನೇ ವಯಸ್ಸಿನಲ್ಲಿ ಹೀಟ್ಸ್‌ನಲ್ಲಿ ಕೊನೆಗೆ ಬಂದ ಮಗುವಿಗೆ "ನಿನ್ನ ಕೈಲಿ ಆಗಲ್ಲ" ಅಂತ ಹೇಳೋದು ಅನ್ಯಾಯ ಮಾತ್ರ ಅಲ್ಲ, ಲೆಕ್ಕದಲ್ಲೂ ತಪ್ಪು. ಇದಕ್ಕೆ ಮದ್ದು ದುಬಾರಿಯದ್ದೇನಲ್ಲ. ಒಂದು ರಿಜಿಸ್ಟರ್ ಸಾಕು. ಪ್ರತಿ ಮಗುವಿನ ಎತ್ತರ, 50 ಮೀಟರ್ ಓಟದ ಟೈಮ್, ನಿಂತಲ್ಲಿಂದ ಎಷ್ಟು ದೂರ ಜಿಗೀತದೆ ಅನ್ನೋದನ್ನ ವರ್ಷಕ್ಕೆ ಮೂರು ಸಲ ಬರೆದಿಟ್ಟರೆ ಮಗು ಪಕ್ಕದವನ ಜೊತೆ ಅಲ್ಲ, ಜೂನ್ ತಿಂಗಳ ತನ್ನ ಜೊತೆ ಸ್ಪರ್ಧೆ ಮಾಡುತ್ತೆ. 48ರಲ್ಲಿ 46 ಜನ ಸೋಲೋ ಆಟದಲ್ಲಿ 48 ಜನಕ್ಕೂ ಗೆಲ್ಲೋ ದಾರಿ ಅದೊಂದೇ.

4. ರಿಲೇ ಹೇಳೋ ಮಾತು

ಅಥ್ಲೆಟಿಕ್ಸ್ ಒಂಟಿ ಆಟ ಅಂತಾರೆ. ರಿಲೇ ನೋಡಿದರೆ ಹಾಗನ್ಸಲ್ಲ. ಉಸೇನ್ ಬೋಲ್ಟ್‌ನ 100 ಮೀಟರ್ ವಿಶ್ವದಾಖಲೆ 9.58 ಸೆಕೆಂಡ್. ನಾಲ್ಕು ಬೋಲ್ಟ್‌ಗಳು ಒಬ್ಬರಾದ ಮೇಲೆ ಒಬ್ಬರು ನಿಂತಲ್ಲಿಂದ ಓಡಿದರೆ 38.32 ಸೆಕೆಂಡ್ ಆಗಬೇಕು. ಆದರೆ 2012ರಲ್ಲಿ ಜಮೈಕಾದ ತಂಡ 4×100 ರಿಲೇಯನ್ನ 36.84 ಸೆಕೆಂಡಿನಲ್ಲಿ ಓಡಿತು. ಒಬ್ಬ ಬೋಲ್ಟ್ ಮತ್ತು ಅವನಿಗಿಂತ ನಿಧಾನದ ಮೂವರು ಸೇರಿ ನಾಲ್ಕು ಬೋಲ್ಟ್‌ಗಳಿಗಿಂತ ಜೋರು! ಗುಟ್ಟು ಏನಂದ್ರೆ, ಮೊದಲನೆಯವನನ್ನ ಬಿಟ್ಟರೆ ಉಳಿದ ಮೂವರೂ ಬ್ಯಾಟನ್ ಕೈಗೆ ಬರೋ ಹೊತ್ತಿಗೆ ಓಡ್ತಾ ಇರ್ತಾರೆ. ಸೊನ್ನೆಯಿಂದ ವೇಗ ಏರಿಸೋ ಖರ್ಚು ಅವರಿಗಿಲ್ಲ.

ಶಾಲೆಯ ಪಿ.ಟಿ. ಮಾಸ್ತರಿಗೆ ಇದು ದೊಡ್ಡ ಅವಕಾಶ. ನಾಲ್ಕು ಜನ ಸಾಧಾರಣ ಓಟಗಾರರು, 30 ಮೀಟರಿನ ಬದಲಾವಣೆ ವಲಯದಲ್ಲಿ ಹಿಂದೆ ನೋಡದೆ ಬ್ಯಾಟನ್ ತಗೊಳ್ಳೋದನ್ನ ತಿಂಗಳುಗಟ್ಟಲೆ ಕಲಿತರೆ, ತಮಗಿಂತ ಜೋರು ಇದ್ದ ತಂಡವನ್ನ ಸೋಲಿಸಬಹುದು. ಹಿಂದೆ ನೋಡದೆ ಕೈ ಚಾಚೋದು ಅಂದರೆ ಬರೋನು ಬಂದೇ ಬರ್ತಾನೆ ಅಂತ ನಂಬೋದು. 'ಟೀಮ್ ವರ್ಕ್' ಅಂತ ಪ್ಲೇಸ್‌ಮೆಂಟ್ ಸೆಲ್‌ನವರು ನಮಗೆ ಸ್ಲೈಡ್ ಹಾಕಿ ಹೇಳೋದನ್ನ 12 ವರ್ಷದ ಮಗು ಅಂಗೈಯಲ್ಲಿ ಕಲಿಯುತ್ತೆ.

5. ಕಾಡಂಚಿನ ಪ್ರಯೋಗ: 1987ರಿಂದ 1993

ಈಗ ಮೊದಲೇ ಹೇಳಿದ ಕಥೆಗೆ ಬರೋಣ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋದರೆ, ಅಥವಾ ಧಾರವಾಡದಿಂದ ಹಳಿಯಾಳದ ಬಸ್ ಹತ್ತಿದರೆ, ಬಯಲು ಮುಗಿದು ಕಾಡು ಸುರುವಾಗುತ್ತೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳ ಕಾಡಿನ ಊರುಗಳಲ್ಲಿ ಸಿದ್ದಿ ಸಮುದಾಯ ಇದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹಳ ಮಟ್ಟಿಗೆ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರು ಇವರು. ಅವರಲ್ಲಿ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

1982ರ ದಿಲ್ಲಿ ಏಷ್ಯನ್ ಗೇಮ್ಸ್ ಆದ ಮೇಲೆ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ (ಎಲ್ಲರೂ 'ಸಾಯ್' ಅಂತ ಕರೆಯೋದು) ಹುಟ್ಟಿತು. ಅದರ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯ ಉದ್ದೇಶ, ಗುಡ್ಡಗಾಡು, ಕಾಡು, ಕರಾವಳಿಯ ಸಮುದಾಯಗಳಲ್ಲಿ ಸಹಜ ಕಸುವು ಇರೋ ಮಕ್ಕಳನ್ನ ಹುಡುಕಿ ತರಬೇತಿ ಕೊಡೋದು. ರಾಜಸ್ಥಾನದ ಬುಡಕಟ್ಟಿನ ಬಿಲ್ಲುಗಾರ ಲಿಂಬಾ ರಾಮ್ ಬಂದದ್ದು ಇದೇ ಯೋಜನೆಯಿಂದ. ನಮ್ಮ ರಾಜ್ಯದವರೇ ಆದ ಮಾರ್ಗರೆಟ್ ಆಳ್ವ ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡ್ತಿದ್ದರು, ಐಎಎಸ್ ಅಧಿಕಾರಿ ಬಿ.ವಿ.ಪಿ. ರಾವ್ ಯೋಜನೆ ನಡೆಸ್ತಿದ್ದರು. 1987ರಲ್ಲಿ ಸಿದ್ದಿ ಮಕ್ಕಳ ಆಯ್ಕೆ ಸುರುವಾಯ್ತು. ಹಿಂದಿದ್ದ ತರ್ಕ ಇಷ್ಟೇ: ಆಫ್ರಿಕಾ ಮೂಲದ ಓಟಗಾರರು ಜಗತ್ತನ್ನ ಗೆಲ್ತಾರೆ, ನಮ್ಮಲ್ಲೂ ಆಫ್ರಿಕಾ ಮೂಲದವರಿದ್ದಾರೆ, ಓಡಿಸಿ ನೋಡೋಣ.

ಮಕ್ಕಳು ಊರು ಬಿಟ್ಟು ದೂರದ ಸಾಯ್ ಹಾಸ್ಟೆಲ್‌ಗಳಿಗೆ ಹೋದರು. ಒಳ್ಳೆ ಊಟ, ಬೂಟು, ಕೋಚ್, ಟ್ರ್ಯಾಕ್ ಸಿಕ್ಕವು. ಫಲವೂ ಬಂತು. ಹರ್ಡಲ್ಸ್ ಓಡ್ತಿದ್ದ ಕಮಲಾ ಸಿದ್ದಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಭಾರತಕ್ಕಾಗಿ ಓಡಿದರು. ಜುಜೆ ಜಾಕಿ ಹರ್ನೋಡ್ಕರ್ ರಾಷ್ಟ್ರ ಮಟ್ಟದ ಸ್ಪ್ರಿಂಟರ್ ಆದರು. ಆಮೇಲೆ 1993ರಲ್ಲಿ ಈ ಕಾರ್ಯಕ್ರಮ ನಿಂತುಹೋಯ್ತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಉಳಿದವರು ಊರಿಗೆ ಮರಳಿ ಕೂಲಿ, ಬೇಸಾಯ ಅಂತ ಬದುಕು ಕಟ್ಟಿಕೊಂಡರು.

ಈಗ ವಯಸ್ಸಿನ ಲೆಕ್ಕ ಹಾಕಿ. 1987ರಲ್ಲಿ 12 ವರ್ಷ ಇದ್ದ ಮಗುವಿಗೆ 1993ರಲ್ಲಿ 18. ಸ್ಪ್ರಿಂಟರ್‌ಗಳು ಸಾಮಾನ್ಯವಾಗಿ ತಮ್ಮ ಉತ್ತಮ ಟೈಮ್ ಓಡೋದು ಇಪ್ಪತ್ತರ ನಡುವಿನ ವರ್ಷಗಳಲ್ಲಿ. ಅಂದರೆ ಬಿತ್ತಿ, ಕಳೆ ಕಿತ್ತು, ಇನ್ನೇನು ತೆನೆ ಬರಬೇಕು ಅನ್ನೋ ಹೊತ್ತಿಗೆ ನೀರು ನಿಲ್ಲಿಸಿದ ಹಾಗೆ. ಆರು ವರ್ಷದಲ್ಲಿ ಒಲಿಂಪಿಕ್ಸ್ ಪದಕ ಬರಲಿಲ್ಲ ಅಂತ ಲೆಕ್ಕ ಮುಚ್ಚಿದರೆ, ಆರು ತಿಂಗಳಲ್ಲಿ ಮಾವಿನ ಗಿಡ ಹಣ್ಣು ಬಿಡಲಿಲ್ಲ ಅಂತ ಕಡಿದಂಗೆ.

ಮಗುವಿನ ದೃಷ್ಟಿಯಿಂದ ನೋಡಿದರೆ ನಷ್ಟ ಇನ್ನೂ ದೊಡ್ಡದು. ಊರಿನ ಶಾಲೆ ಬಿಟ್ಟು ಹೋದವರು ವಾಪಸ್ ಬಂದಾಗ ಆ ಊರಿನ ಶಾಲೆಯಲ್ಲಿ ಏನೂ ಬದಲಾಗಿರಲಿಲ್ಲ. ಟ್ರ್ಯಾಕ್ ಇರಲಿಲ್ಲ, ಕೋಚ್ ಇರಲಿಲ್ಲ. ಅವರು ಕಲಿತದ್ದನ್ನ ತಮ್ಮ ತಂಗಿಗೋ ತಮ್ಮನಿಗೋ ಕಲಿಸೋ ಜಾಗ ಇರಲಿಲ್ಲ. ಮಕ್ಕಳನ್ನ ಯೋಜನೆಯ ಬಳಿ ಒಯ್ದರು, ಯೋಜನೆಯನ್ನ ಮಕ್ಕಳ ಶಾಲೆಗೆ ತರಲಿಲ್ಲ. ಹಾಗಾಗಿ ಕಡತ ಮುಚ್ಚಿದ ದಿನ ಎಲ್ಲಾ ಮುಚ್ಚಿತು.

6. ರಕ್ತವೋ, ಶಾಲೆಯೋ?

ಕೀನ್ಯಾ, ಜಮೈಕಾದವರು ಗೆಲ್ಲೋದು ರಕ್ತದಿಂದ ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ದೇಹದ ಪಾತ್ರ ಇಲ್ಲ ಅಂತ ನಾನು ವಾದ ಮಾಡ್ತಿಲ್ಲ. ಆದರೆ ಅಲ್ಲಿ ಏನೇನಿದೆ ಅಂತ ಪೂರ್ತಿ ನೋಡಿ.

ಕೀನ್ಯಾದ ಐಟೆನ್ ಎಂಬ ಗುಡ್ಡದ ಊರಿನಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲ್ ಇದೆ. 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕೋಲ್ಮ್ ಒ'ಕಾನೆಲ್ ಅಲ್ಲಿಗೆ ಭೂಗೋಳ ಪಾಠ ಮಾಡೋಕೆ ಬಂದರು. ಅಥ್ಲೆಟಿಕ್ಸ್ ಕೋಚಿಂಗ್ ಅವರಿಗೆ ಗೊತ್ತೇ ಇರಲಿಲ್ಲ. ಮಕ್ಕಳನ್ನ ನೋಡ್ತಾ ನೋಡ್ತಾ ಕಲಿತರು, ದಶಕಗಟ್ಟಲೆ ಅಲ್ಲೇ ಉಳಿದರು. ಆ ಶಾಲೆಯ ಪೀಟರ್ ರೊನೊ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದರು. 2012ರಲ್ಲಿ 800 ಮೀಟರನ್ನ 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಕೂಡ ಬ್ರದರ್ ಕೋಲ್ಮ್ ಅವರ ಶಿಷ್ಯ.

ಜಮೈಕಾದಲ್ಲಿ ಶಾಲೆಗಳ ಅಥ್ಲೆಟಿಕ್ಸ್ ಕೂಟ 1910ರಿಂದ ಇದೆ. 'ಚಾಂಪ್ಸ್' ಅಂತ ಕರೀತಾರೆ. ನಮ್ಮಲ್ಲಿ ಐಪಿಎಲ್‌ಗೆ ಸೇರೋ ಹಾಗೆ ಅಲ್ಲಿ ಹೈಸ್ಕೂಲ್ ಮಕ್ಕಳ ಓಟಕ್ಕೆ ಜನ ಸೇರ್ತಾರೆ. ಬೋಲ್ಟ್ ಹಳ್ಳಿಯ ಕಡೆಯ ವಿಲಿಯಂ ನಿಬ್ ಹೈಸ್ಕೂಲಿನ ಹುಡುಗ, ಮೊದಲು ಹುಚ್ಚು ಇದ್ದದ್ದು ಕ್ರಿಕೆಟ್ಟಿನದು. ಶಾಲೆಯವರೇ ಅವನ ವೇಗ ನೋಡಿ ಟ್ರ್ಯಾಕಿಗೆ ತಂದರು.

ಪಕ್ಕದ ಕೇರಳ ನೋಡಿ. 1976ರಲ್ಲಿ ಕಣ್ಣೂರಿನಲ್ಲಿ ಹುಡುಗಿಯರಿಗಾಗಿ ಕ್ರೀಡಾ ವಿಭಾಗ ತೆರೆದಾಗ ಸೇರಿದ ಹುಡುಗಿಯರಲ್ಲಿ ಪಿ.ಟಿ. ಉಷಾ ಒಬ್ಬರು, ಕೋಚ್ ಒ.ಎಂ. ನಂಬಿಯಾರ್ ಸಿಕ್ಕಿದ್ದು ಅಲ್ಲೇ. 1984ರಲ್ಲಿ ಅವರಿಗೆ ಒಲಿಂಪಿಕ್ಸ್ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಓಟ ನಿಲ್ಲಿಸಿದ ಮೇಲೆ ಕಟ್ಟಿದ್ದು ಗೋಣಿಕೊಪ್ಪದಲ್ಲಿ ಒಂದು ಶಾಲೆ, ಓದು ಮತ್ತು ಆಟ ಎರಡೂ ಒಟ್ಟಿಗೆ ಇರೋ ಶಾಲೆ.

ಈ ನಾಲ್ಕೂ ಕಡೆ ಸಾಮಾನ್ಯವಾಗಿರೋದು ಶಾಲೆ. ಯೋಜನೆಗೆ ಕೊನೆಯ ದಿನಾಂಕ ಇರುತ್ತೆ, ಮಂತ್ರಿ ಬದಲಾದರೆ ಹೆಸರು ಬದಲಾಗುತ್ತೆ. ಶಾಲೆ ಪ್ರತಿ ಜೂನ್‌ನಲ್ಲಿ ಮತ್ತೆ ತೆರೆಯುತ್ತೆ, ಹೊಸ ಆರನೇ ಕ್ಲಾಸ್ ಬರುತ್ತೆ. ಓಡೋ ಮಗು ಓದೋ ಜಾಗದಲ್ಲೇ ಇರುತ್ತೆ, ಕಾಲು ಉಳುಕಿದರೂ ಕ್ಲಾಸ್ ತಪ್ಪಲ್ಲ.

ಸಿದ್ದಿ ಮಕ್ಕಳ ಕಥೆ 1993ಕ್ಕೇ ಮುಗೀಲಿಲ್ಲ ಅನ್ನೋದು ಸಮಾಧಾನ. ಇಪ್ಪತ್ತಕ್ಕೂ ಹೆಚ್ಚು ವರ್ಷದ ನಂತರ ಸಾಯ್ ಮತ್ತೆ ಆ ಕಡೆ ತಿರುಗಿ ನೋಡಿತು. ಧಾರವಾಡದಲ್ಲೇ ಸಾಯ್ ತರಬೇತಿ ಕೇಂದ್ರ ಇದೆ, ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಸಿದ್ದಿ ಮತ್ತು ಸುತ್ತಲಿನ ಸಮುದಾಯಗಳ ಮಕ್ಕಳಿಗೆ ಅವರ ಊರ ಹತ್ತಿರವೇ ಅಥ್ಲೆಟಿಕ್ಸ್ ಕಲಿಸೋ ಕೆಲಸ ಮಾಡಿದೆ. ಊರ ಹತ್ತಿರ ಅನ್ನೋ ಶಬ್ದಕ್ಕೆ ಗೆರೆ ಹಾಕಿ.

7. ಒಳ್ಳೆಯ ಕಾರ್ಯಕ್ರಮವನ್ನ ಗುರುತಿಸೋದು ಹೇಗೆ?

ಇಲ್ಲಿ ತನಕ ನೋಡಿದ್ದನ್ನ ಐದು ಪ್ರಶ್ನೆ ಮಾಡಿ ಇಡ್ತೇನೆ. ಯಾವುದೇ ಶಾಲೆಗೆ ಹೋದಾಗ ಕೇಳಿ ನೋಡಿ.

1. ವಲಯ ಮಟ್ಟದಲ್ಲಿ ಸೋತ ಮಗು ಮರುದಿನ ಏನು ಮಾಡುತ್ತೆ? ಮೈದಾನಕ್ಕೆ ಬಂದರೆ ಕಾರ್ಯಕ್ರಮ ಇದೆ ಅಂತ ಅರ್ಥ. ಬರದಿದ್ದರೆ ಅಲ್ಲಿ ಆಯ್ಕೆ ಮಾತ್ರ ಇದೆ.

2. ಮಗುವಿಗೆ ತನ್ನ ಹಳೆಯ ಟೈಮ್ ಗೊತ್ತಾ? ಗೊತ್ತಿದ್ದರೆ ಅದಕ್ಕೆ ತನ್ನ ಬೆಳವಣಿಗೆ ಕಾಣುತ್ತೆ.

3. ಓಡದ ಮಕ್ಕಳಿಗೆ ಕೆಲಸ ಇದೆಯಾ? ಅಳೆಯೋದು, ಬರೆಯೋದು, ತೀರ್ಪು ಹೇಳೋದು?

4. ಎಂಟು, ಒಂಬತ್ತು, ಹತ್ತಕ್ಕೆ ಬಂದಾಗ ಹುಡುಗಿಯರು ಉಳೀತಾರಾ? ಬಟ್ಟೆ ಬದಲಿಸೋ ಜಾಗ, ಶೌಚಾಲಯ, ಮನೆಗೆ ಹೋಗೋ ಕೊನೆಯ ಬಸ್ಸಿನ ಟೈಮ್, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಎಷ್ಟು ಒಳ್ಳೆ ಓಟಗಾರ್ತಿ ಆದರೂ ಪ್ರಾಕ್ಟೀಸ್ ಬಿಡಬೇಕಾಗುತ್ತೆ.

5. ಈಗಿರೋ ಪಿ.ಟಿ. ಮಾಸ್ತರಿಗೆ ವರ್ಗ ಆದರೆ ಏನು ಉಳಿಯುತ್ತೆ? ರಿಜಿಸ್ಟರ್ ಇದ್ದರೆ, ಟ್ರ್ಯಾಕ್ ಹಾಕೋಕೆ ಬರೋ ಮಕ್ಕಳಿದ್ದರೆ, ಮುಂದಿನವರು ಅಲ್ಲಿಂದಲೇ ಸುರು ಮಾಡಬಹುದು.

ಪದಕ ಎಷ್ಟು ಅನ್ನೋ ಪ್ರಶ್ನೆ ಈ ಪಟ್ಟಿಯಲ್ಲಿ ಇಲ್ಲ. ಪದಕ ಬೇಡ ಅಂತಲ್ಲ. ಈ ಐದಕ್ಕೂ ಒಳ್ಳೆ ಉತ್ತರ ಇರೋ ಶಾಲೆಗಳು ಜಾಸ್ತಿ ಆದರೆ ಪದಕ ತಾನಾಗೇ ಬರುತ್ತೆ, ಬರದಿದ್ದರೂ ಯಾವ ಮಗುವಿಗೂ ನಷ್ಟ ಆಗಿರೋದಿಲ್ಲ.

8. ನಮ್ಮ ಕೈಲಿ ಆಗೋದು

"ನಾವೇನು ಮಾಡೋಣಪಾ, ನಾವು ಪಿ.ಟಿ. ಮಾಸ್ತರಲ್ಲ" ಅಂತ ನೀವು ಅನ್ನಬಹುದು. ಆದರೆ ಮೇಲೆ ಬರೆದದ್ದರಲ್ಲಿ ಅರ್ಧಕ್ಕರ್ಧ ನಮ್ಮ ಕೆಲಸವೇ. ಸಿವಿಲ್‌ನವರು ಸರ್ವೇಯಿಂಗ್ ಲ್ಯಾಬಿನಲ್ಲಿ ಟೇಪ್ ಹಿಡಿದು ಕ್ಯಾಂಪಸ್ ಅಳೀತಾರೆ, ಅದೇ ಟೇಪಿನಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಟ್ರ್ಯಾಕ್ ಹಾಕಿಕೊಡಬಹುದು. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಮೈದಾನ ಹಾಳಾಗೋದಕ್ಕೆ ನೀರು ಹರಿಯೋ ದಾರಿ ಮಾಡೋದು ಹೇಗೆ ಅಂತ ಅವರಿಗೆ ಗೊತ್ತು. ಇಲೆಕ್ಟ್ರಾನಿಕ್ಸ್‌ನವರು ಸಾವಿರಾರು ರೂಪಾಯಿ ಖರ್ಚು ಮಾಡಿ ಮಿನಿ ಪ್ರಾಜೆಕ್ಟ್ ಅಂತ ಲೈನ್ ಫಾಲೋವರ್ ರೋಬೋ ಮಾಡ್ತಾರೆ, ಒಂದು ಸಲ ಎರಡು ಸೆನ್ಸರ್ ಇಟ್ಟು 50 ಮೀಟರ್ ಓಟದ ಟೈಮರ್ ಮಾಡಿದರೆ ಸೀಟಿಯ 0.29 ಸೆಕೆಂಡಿನ ಜಗಳವೇ ಮುಗಿಯುತ್ತೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು: ಪ್ರತಿ ಮಗುವಿಗೆ ಒಂದು ಸಾಲು, ಪ್ರತಿ ನಾಲ್ಕು ತಿಂಗಳಿಗೆ ಒಂದು ಅಂಕಿ. ಎನ್ಎಸ್ಎಸ್ ಕ್ಯಾಂಪಿನಲ್ಲಿ ಗೋಡೆಗೆ ಬಣ್ಣ ಬಳಿಯೋದರ ಜೊತೆಗೆ ಒಂದು ದಿನ ಇದಕ್ಕೆ ಕೊಟ್ಟರೂ ಸಾಕು.

ಮಾಡುವಾಗ ಒಂದು ಮಾತು ನೆನಪಿಡಬೇಕು. ಒಂದು ವರ್ಷ ಬಂದು ಫೋಟೋ ತೆಗೆಸಿಕೊಂಡು ಹೋದರೆ ನಾವೂ 1993ರ ಕಡತದವರೇ. ಟ್ರ್ಯಾಕ್ ನಾವು ಹಾಕೋದಲ್ಲ, ಹಾಕೋದನ್ನ ಅಲ್ಲಿನ ಎಂಟನೇ ಕ್ಲಾಸಿಗೆ ಕಲಿಸಬೇಕು. ಟೈಮರ್ ಕೊಟ್ಟರೆ ಅದರ ಸರ್ಕಿಟ್ ಬಿಚ್ಚಿ ತೋರಿಸಿ ಕೊಡಬೇಕು. ನಾವು ನಾಲ್ಕು ವರ್ಷಕ್ಕೆ ಡಿಗ್ರಿ ತಗೊಂಡು ಬೆಂಗಳೂರೋ ಪುಣೆಯೋ ಅಂತ ಹೊರಡ್ತೇವೆ. ಮುಂದಿನ ಜುಲೈಯಲ್ಲಿ ಮಳೆ ನಿಂತ ಒಂದು ಮಧ್ಯಾಹ್ನ, ನಮ್ಮಲ್ಲಿ ಒಬ್ಬರೂ ಇಲ್ಲದೆ, ಆ ಶಾಲೆಯ ಮಕ್ಕಳು ಗೂಟ ಹೊಡೆದು 18.90 ಮೀಟರ್ ಹಗ್ಗ ಎಳೆದರೆ ಕೆಲಸ ಆಯ್ತು ಅಂತ ಲೆಕ್ಕ.